ಪ್ರದ್ಯುಮನ್ ಸಾವನ್ನು ಸಮರ್ಥಿಸುವವರಿಗೆ

2025ರ ಏಪ್ರಿಲ್‌ನಲ್ಲಿ ಹಿಂದಿ ಪತ್ತೇದಾರಿ ಧಾರಾವಾಹಿ 'ಸಿಐಡಿ'ಯವರು ತನಿಖಾ ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮನ್‌ರನ್ನು ಬಾಂಬಿಟ್ಟು ಸಾಯಿಸಿದ ಕಂತು ಕಳಪೆ ಎಂದು ನಾನು ಹೇಳಿದ್ದಕ್ಕೆ ನಮ್ಮ ಹೊಸಕೆರೆಹಳ್ಳಿಯಲ್ಲೇ ಹಲವರು ತಿರುಗಿಬಿದ್ದರು. ಕೆರೆಕೋಡಿಯ ಗೆಳೆಯರು, ದತ್ತಾತ್ರೇಯ ನಗರದ ನೆಂಟರು, ಮನೆಯ ಹುಡುಗರು, ಒಬ್ಬೊಬ್ಬರದು ಒಂದೊಂದು ವಾದ. ಮಾತಿನ ಭರದಲ್ಲಿ ಯಾರಿಗೂ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ.

"ಶಿವಾಜಿ ಸಾಟಮ್‌ಗೆ ವಯಸ್ಸಾಗಿದೆ, ಬಿಡುವು ಬೇಡವಾ?" ಎನ್ನುವವರಿದ್ದಾರೆ. ಖಂಡಿತ ಬೇಕು. ಅವರು 1950ರಲ್ಲಿ ಹುಟ್ಟಿದವರು. 1998ರ ಜನವರಿಯಿಂದ 2018ರ ಅಕ್ಟೋಬರ್‌ವರೆಗೆ ಪ್ರದ್ಯುಮನ್ ಪಾತ್ರ ಹೊತ್ತು, 2024ರ ಡಿಸೆಂಬರ್‌ನಲ್ಲಿ ಧಾರಾವಾಹಿ ಮರಳಿದಾಗ ಮತ್ತೆ ಬಂದವರು. ಆದರೆ ಪೊಲೀಸ್ ಇಲಾಖೆಯಲ್ಲಿ ರಜೆ ಇದೆ, ವರ್ಗಾವಣೆ ಇದೆ, ನಿವೃತ್ತಿ ಇದೆ. ನಟನಿಗೆ ಬಿಡುವು ಕೊಡಲು ಪಾತ್ರವನ್ನು ಕೊಲ್ಲಬೇಕಿರಲಿಲ್ಲ. ಸಾವು ಸುದ್ದಿಯಾಗುತ್ತದೆ, ರಜೆ ಆಗುವುದಿಲ್ಲ. ಅಷ್ಟಕ್ಕೇ ಸಾವನ್ನು ಆರಿಸಿಕೊಂಡರು ಎಂದೇ ನನಗನ್ನಿಸುತ್ತದೆ.

"ಸಿಐಡಿಯಲ್ಲಿ ಲಾಜಿಕ್ ಯಾವತ್ತಿತ್ತು?" ಎಂಬುದು ಹುಡುಗರ ವಾದ. ಇದಕ್ಕೆ ನಿಧಾನವಾಗಿ ಉತ್ತರಿಸಬೇಕು. ಇನ್‌ಸ್ಪೆಕ್ಟರ್ ದಯಾ ಒದ್ದರೆ ಎಂಥ ಬಾಗಿಲಾದರೂ ಮುರಿಯುತ್ತಿತ್ತು, ವಿಧಿವಿಜ್ಞಾನ ತಜ್ಞ ಡಾ. ಸಾಳುಂಕೆಯ ಲ್ಯಾಬಿನಲ್ಲಿ ಪರೀಕ್ಷೆಯ ಫಲಿತಾಂಶ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಿಗುತ್ತಿತ್ತು. ನಾವದನ್ನು ಒಪ್ಪಿಕೊಂಡೇ ನೋಡಿದೆವು. ಆದರೆ ಧಾರಾವಾಹಿ ಒಂದು ಕಟ್ಟುಪಾಡು ಇಟ್ಟುಕೊಂಡಿತ್ತು. ಯಾರೋ ಸತ್ತರೆ ಶವ ಲ್ಯಾಬಿಗೆ ಬರಬೇಕು. ಹೇಗೆ ಸತ್ತ, ಯಾರು ಕೊಂದರು, ಯಾಕೆ ಕೊಂದರು ಎಂದು ಪ್ರದ್ಯುಮನ್ ಕೇಳಬೇಕು. ಸಾಕ್ಷ್ಯ ಸಿಗುವವರೆಗೆ ಯಾರನ್ನೂ ನಂಬಬಾರದು. ಕನ್ನಡಕ್ಕೆ ಡಬ್ಬಿಂಗ್ ಬರಲು ಬಿಡದ ಆ ಕಾಲದಲ್ಲಿ ಧಾರಾವಾಹಿ ಹಿಂದಿಯಲ್ಲೇ ಬರುತ್ತಿತ್ತು. ಹಿಂದಿಯ ಗಂಧವೂ ಇಲ್ಲದ ನಮ್ಮ ಕಡೆಯ ಹೆಂಗಸರು ಕೊಲೆಗಾರ ಯಾರೆಂದು ಮೊದಲೇ ಹೇಳುತ್ತಿದ್ದರೆ, ಅದು ಆ ಕಟ್ಟುಪಾಡಿನ ಬಲ. ಸಾವನ್ನು ಈ ಧಾರಾವಾಹಿ ಹಗುರವಾಗಿ ಕಂಡಿರಲೂ ಇಲ್ಲ. ಅಪರಾಧಿಯಾದ ಸ್ವಂತ ಮಗ ನಕುಲ್‌ಗೆ ಪ್ರದ್ಯುಮನ್ ಗುಂಡು ಹಾರಿಸಿದ ಕಥೆಯಲ್ಲಿ ಅಪ್ಪನೂ ಅಧಿಕಾರಿಯೂ ಒಬ್ಬನೊಳಗೇ ಸೆಣಸಿದ್ದನ್ನು ಮರೆಯಲಾದೀತೇ?

ಏಪ್ರಿಲ್‌ನಲ್ಲಿ ಆದದ್ದೇನು? ಯಾರು ಸಾಯುತ್ತಾರೆ ಎಂಬುದು ಕಂತಿಗೆ ಮುಂಚೆಯೇ ಪತ್ರಿಕೆಗಳಲ್ಲಿ ಬಂತು. ವಾಹಿನಿಯವರು ಶ್ರದ್ಧಾಂಜಲಿಯ ಪೋಸ್ಟ್ ಹಾಕಿದರು. ಆ ಕುರ್ಚಿಗೆ ಪಾರ್ಥ್ ಸಮಥಾನ್ ನಟಿಸುವ ಎಸಿಪಿ ಆಯುಷ್ಮಾನ್ ಬರುತ್ತಾರೆಂಬುದೂ ಗೊತ್ತಾಯಿತು. ಕೊಲೆಗಾರ ಬಾರ್ಬೋಸಾ ಆಗಿ ತಿಗ್ಮಾಂಶು ಧೂಲಿಯಾರಂಥ ಸಮರ್ಥರಿದ್ದರು, ನಿಜ. ಆದರೆ ಪ್ರೇಕ್ಷಕ ಪತ್ತೆಹಚ್ಚುವುದಕ್ಕೆ ಏನು ಉಳಿದಿತ್ತು? ಪತ್ತೇದಾರಿ ಕಥೆಯಲ್ಲಿ ಸಾವು ಪ್ರಶ್ನೆಯನ್ನು ಹುಟ್ಟಿಸಬೇಕು. ಇಲ್ಲಿ ಅದು ಪ್ರಕಟಣೆಯಾಗಿ ಬಂತು.

ಓದಿಕೊಂಡ ಸ್ನೇಹಿತರೊಬ್ಬರು ಕಾನನ್ ಡಾಯ್ಲ್‌ರನ್ನು ಎಳೆತಂದರು. "ಷರ್ಲಾಕ್ ಹೋಮ್ಸ್‌ನನ್ನೂ 1893ರಲ್ಲಿ ಕೊಂದು, 1903ರಲ್ಲಿ ಎಬ್ಬಿಸಲಿಲ್ಲವೇ?" ಹೌದು, ಎಬ್ಬಿಸಿದರು. ಆದರೆ ಆ ಉದಾಹರಣೆ ನನ್ನ ಪರವಾಗಿಯೇ ಇದೆ. ಡಾಯ್ಲ್‌ಗೆ ಹೋಮ್ಸ್ ಸಾಕಾಗಿದ್ದ. ನಿಜವಾಗಿ ಮುಗಿಸುವ ಮನಸ್ಸಿನಿಂದಲೇ ರೈಖೆನ್‌ಬಾಖ್ ಜಲಪಾತದ ಕಥೆ ಬರೆದರು, ಸರಿಸಮನಾದ ಎದುರಾಳಿ ಮೊರಿಯಾರ್ಟಿಯನ್ನು ಸೃಷ್ಟಿಸಿದರು. ಹೋಮ್ಸ್‌ನ ಗೆಳೆಯ ವಾಟ್ಸನ್ ಕಂಡದ್ದು ಹೆಜ್ಜೆಗುರುತು, ಒಂದು ಪತ್ರದಂಥ ಕುರುಹುಗಳನ್ನು ಮಾತ್ರ. ಶವ ಸಿಗಲಿಲ್ಲ. ಹತ್ತು ವರ್ಷದ ಮೇಲೆ ಹೋಮ್ಸ್ ಮರಳಿದಾಗ ಹಿಂದಿನ ಕಥೆಯ ಸಾಕ್ಷ್ಯವನ್ನು ಸುಳ್ಳು ಮಾಡಬೇಕಾಗಲಿಲ್ಲ. ಹಳೆಯ ಸಾಕ್ಷ್ಯವನ್ನೇ ಹೊಸದಾಗಿ ಓದಿದರೆ ಸಾಕಿತ್ತು. ಓದುಗನ ಜೊತೆ ಹಾಗೆ ನಡೆದುಕೊಂಡ ಲೇಖಕನನ್ನು ಈ ಕಂತಿನ ಪಕ್ಕ ನಿಲ್ಲಿಸಬೇಡಿ.

"ಹಿಂದಿ ಧಾರಾವಾಹಿಗೆ ಕನ್ನಡದವರು ಯಾಕೆ ತಲೆ ಕೆಡಿಸಿಕೊಳ್ಳಬೇಕು?" ದಯಾ ಆಗಿರುವ ದಯಾನಂದ ಶೆಟ್ಟಿ ಉಡುಪಿ ಕಡೆಯವರು ಎಂಬುದನ್ನು ಬಿಟ್ಟುಬಿಡೋಣ. ಇಪ್ಪತ್ತು ವರ್ಷ ರಾತ್ರಿ ಊಟದ ಹೊತ್ತನ್ನು ಹೊಂದಿಸಿಕೊಂಡು ನೋಡಿದವರಿಗೆ ಕೇಳುವ ಹಕ್ಕಿದೆ.

ಕೊನೆಯದು, ಎಲ್ಲರೂ ಹೇಳುವುದು: "ಪ್ರದ್ಯುಮನ್ ಕೆಲವು ವಾರಗಳಲ್ಲೇ ವಾಪಸ್ ಬಂದರಲ್ಲ, ಇನ್ನೇನು ದೂರು?" ವಾಪಸ್ ಬಂದದ್ದು ನನಗೂ ಸಂತೋಷವೇ. ಆದರೆ ಅದರಿಂದ ಆ ಸಾವು ಬರೀ ಪ್ರಚಾರವೆಂದಾಗಿ ತಪ್ಪು ದೊಡ್ಡದಾಯಿತು. ಇದೇ ಧಾರಾವಾಹಿಯ ಫ್ರೆಡ್ರಿಕ್ಸ್ ಪಾತ್ರದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್‌ನಲ್ಲಿ ನಿಜವಾಗಿ ತೀರಿಕೊಂಡಾಗ ಈ ಪ್ರೇಕ್ಷಕರೇ ಕಣ್ಣೀರಿಟ್ಟಿದ್ದರು. ಅಂಥವರ ಮುಂದೆ ಇನ್ನೂ ಒಂದೂವರೆ ವರ್ಷ ತುಂಬುವ ಮೊದಲೇ ಶ್ರದ್ಧಾಂಜಲಿಯನ್ನು ಪ್ರಚಾರಕ್ಕೆ ಬಳಸಿದ್ದು ಸರಿಯಲ್ಲ. ಮುಂದೆ ಯಾವ ಪಾತ್ರವನ್ನಾದರೂ ಕಳೆಯಬೇಕಾಗಿ ಬಂದರೆ ಮೊದಲು ಕಥೆ ಬರೆಯಿರಿ. ಪೋಸ್ಟರ್ ಬೇಡ. ಸಾಳುಂಕೆಯ ಮೇಜಿನ ಮೇಲೆ ಸಾಕ್ಷ್ಯ ಇಟ್ಟು, ಪ್ರಶ್ನೆ ಕೇಳುವ ಕೆಲಸವನ್ನು ತಂಡದ ಅಭಿಜೀತ್ ಮತ್ತು ದಯಾಗೆ ಬಿಡಿ.