ಏಳು ದಿನದ ಮಗನಿಗೆ ಊರೇ ಅತ್ತಾಗ

ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ದೇವರು ಜೋಕುಮಾರ. ಗಂಗಾಮತಸ್ಥ ಹೆಣ್ಣುಮಕ್ಕಳು ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ಸೊಪ್ಪು ಇಟ್ಟು, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮಕ್ಕಳಾಗದವರು ಅವನ ಬಾಯಿಗೆ ಬೆಣ್ಣೆ ಸವರಿ ಬೇಡಿಕೊಳ್ಳುತ್ತಾರೆ. ಕೊನೆಯ ರಾತ್ರಿ ಅವನು ಸತ್ತನೆಂದು ಹಾಡಿ ಅಳುತ್ತಾರೆ. ಅಗಸರು ಮೂರು ದಿನ ಹೊಳೆಗೆ ಬಟ್ಟೆ ಒಯ್ಯುವುದಿಲ್ಲವೆಂಬ ವಾಡಿಕೆಯೂ ಉಂಟು.

ಏಳೇ ದಿನ ಬಾಳಿದ ಮಗನಿಗೆ ಊರೇ ಸೂತಕ ಹಿಡಿಯುತ್ತದೆ. ಮೂರನೇ ತಿಂಗಳಲ್ಲಿ ಬಸಿರು ಹೋದವಳು ಮಾತ್ರ ಮನೆಯೊಳಗೂ ಅಳುವಂತಿಲ್ಲ. 'ವಯಸ್ಸೈತೆ ಬಿಡವ್ವ, ಇನ್ನೊಂದು ಆಗ್ತೈತೆ' ಎಂಬಲ್ಲಿಗೆ ಮಾತು ಮುಗಿಯಿತು. ಮುಂದಿನ ವಾರ ಪಕ್ಕದ ಮನೆಯಲ್ಲಿ ಕುಬಸ, ಆರತಿ ಹಿಡಿಯಲು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಕರೆ.

ಅವಳು ಒಂಟಿಯೇನಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಗರ್ಭಪಾತಗಳಾಗುತ್ತವೆಂದು 2021ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅಂದಾಜಿಸಿತು. ಆರರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಬಂಜೆತನದ ತೊಡಕು ಕಾಡುತ್ತದೆ ಎಂದದ್ದು ವಿಶ್ವ ಆರೋಗ್ಯ ಸಂಸ್ಥೆ, 2023ರಲ್ಲಿ. ಆ ಆರರ ಲೆಕ್ಕದಲ್ಲಿ ಗಂಡಸರೂ ಇದ್ದಾರೆ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕದಲ್ಲಿ ಕೊರತೆ ಇರುವುದು ಗೌಡನಲ್ಲಿ, ಹರಕೆ ಹೊರುವವಳು ಗೌಡತಿ!

ಇಂಥ ನೋವಿಗೆ ಹಾಡಿನಂತೆ ಕುಣಿತವೂ ಒಂದು ಆಸರೆ. ಆದರೆ ಕುಣಿತದಿಂದ ಬಸಿರು ನಿಲ್ಲುವುದಿಲ್ಲ. ಅದಕ್ಕೆ ಗಂಡ ಹೆಂಡತಿ ಇಬ್ಬರೂ ವೈದ್ಯರ ಬಳಿ ಹೋಗಬೇಕು. ಕುಣಿತ ಕೊಡುವುದು ಜನರನ್ನು. ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿ ಅವರ ನೋವು ಬೇರೆ ಬಗೆಯದು. ಮನೆಯವರಿಂದ ದೂರವಾಗಿ, ಒಮ್ಮೆ ವಿಷವನ್ನೂ ಕುಡಿದಿದ್ದ ಅವರಿಗೆ ಜೋಗತಿ ಕುಣಿತ ಮತ್ತೊಂದು ಮನೆತನವನ್ನೇ ಕೊಟ್ಟಿತು. ತಲೆಯ ಮೇಲೆ ಕೊಡ, ಪಕ್ಕದಲ್ಲಿ ಚೌಡಿಕೆಯ ಸದ್ದು. ಮನಸ್ಸು ಅತ್ತಿತ್ತ ಹೋದರೆ ಕೊಡ ಉರುಳುತ್ತದೆ. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಇನ್ನು ಸಂಡೂರಿನ ತಾಂಡಾಗಳ ಲಂಬಾಣಿ ಹೆಂಗಸರಿಗೆ ಒಬ್ಬರನ್ನೊಬ್ಬರು ತಬ್ಬಿ ರಾಗವಾಗಿ ಅಳುವುದೂ ಒಂದು ವಿದ್ಯೆ.

ಹಾಗೆಂದು ಹಳೆಯದೆಲ್ಲ ಹಾಲುಜೇನಲ್ಲ. ಮಕ್ಕಳಾದರೆ ಒಂದು ಹೆಣ್ಣಿಗೆ ಮುತ್ತು ಕಟ್ಟಿಸಿ ದೇವದಾಸಿಯಾಗಿ ಬಿಡುತ್ತೇವೆಂದು ಎಲ್ಲಮ್ಮನಿಗೆ ಹರಕೆ ಹೊತ್ತವರೂ ಈ ಸೀಮೆಯಲ್ಲಿದ್ದರು. ಮುತ್ತು ಕಟ್ಟುವುದು ಅಪರಾಧವೆಂದು ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ.

ಅಳಲು ಬಿಡುವೂ ಬೇಕು. ಗರ್ಭಪಾತವಾದ ಉದ್ಯೋಗಸ್ಥೆಗೆ ಸಂಬಳ ಸಹಿತ ಆರು ವಾರದ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಬರೆದಿಟ್ಟಿತು. ಹಂಪಿಯ ಬಾಳೆತೋಟ, ಕಂಪ್ಲಿಯ ಭತ್ತದ ಗದ್ದೆಯಲ್ಲಿ ದಿನಗೂಲಿ ಮಾಡುವವಳು ಆ ರಜೆಯನ್ನು ಯಾರ ಹತ್ತಿರ ಕೇಳಬೇಕು? ಅವಳಿಗಿರುವುದು ಓಣಿಯ ಸ್ವಸಹಾಯ ಸಂಘ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಕೋಲಾಟದ ಕೋಲು ಹಿಡಿದು ಸುತ್ತು ಬರಲು ಖರ್ಚೇನೂ ಇಲ್ಲ. ಆ ಸುತ್ತಿನಲ್ಲಿ 'ಮಕ್ಕಳೆಷ್ಟು?' ಎಂದು ಮಾತ್ರ ಯಾರೂ ಕೇಳಬಾರದು.