ಎಸ್ ಅಕ್ಷರದ ಕಷ್ಟದ ಪದಗಳು ಮತ್ತು ನಮ್ಮ ನಗು

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಜೆರಾಕ್ಸ್ ಕಟ್ಟು ರೂಮಿಂದ ರೂಮಿಗೆ ಓಡಾಡೋಕೆ ಶುರುವಾಗುತ್ತದೆ. ಎಡಗಡೆ ಯಾರೂ ಮಾತಲ್ಲಿ ಬಳಸದ ಇಂಗ್ಲಿಷ್ ಪದಗಳು, ಬಲಗಡೆ ಒಂದೊಂದು ಸಾಲಿನ ಅರ್ಥ. ಎಲ್ಲಾ ಅಕ್ಷರಮಾಲೆಯ ಕ್ರಮದಲ್ಲಿ. ಎ ಅಕ್ಷರದ ಪುಟಗಳು ಎಲ್ಲರ ಕೈಲೂ ಸವೆದು ಹೋಗಿರುತ್ತವೆ, ಎಸ್ ಬರೋ ಹೊತ್ತಿಗೆ ಪುಟಗಳು ಹೊಸದಾಗೇ ಇರುತ್ತವೆ! ಯಾಕಂದ್ರೆ ಅಲ್ಲಿವರೆಗೂ ಯಾರೂ ಹೋಗಿರಲ್ಲ.

ಈ ಸಲ ನಾನು ಹಟ ಹಿಡಿದು ಎಸ್‌ನಿಂದಲೇ ಶುರು ಮಾಡಿದೆ. ಬರೀ ಉರು ಹೊಡೆದರೆ ಹತ್ತು ದಿನಕ್ಕೆ ಮರೆತುಹೋಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಒಂದೊಂದು ಪದ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಓದಿದೆ. ಪದಗಳು ನೆನಪಲ್ಲಿ ಉಳಿದವು, ಅದು ಒಂದು ಲಾಭ. ಅದರ ಜೊತೆಗೆ ಬೇರೊಂದು ವಿಷಯ ತಲೆಗೆ ಹೊಕ್ಕಿತು. ಅದನ್ನು ನಮ್ಮ ಸಂಘದ ಎಲ್ಲರ ಮುಂದೆ ಹೇಳಲೇಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪದಗಳನ್ನು ನೋಡೋಣ.

'ಸ್ಕ್ರೂಪಲ್' ಅಂದ್ರೆ ತಪ್ಪು ಮಾಡೋಕೆ ಹೋದಾಗ ಮನಸ್ಸಿಗಾಗೋ ಅಳುಕು. ಲ್ಯಾಟಿನ್‌ನಲ್ಲಿ 'ಸ್ಕ್ರೂಪುಲಸ್' ಅಂದ್ರೆ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಅಂಥ ಕಲ್ಲು ಸೇರಿಕೊಂಡರೆ ಏನಾಗುತ್ತೆ? ನಡೆಯಬಹುದು, ಆದ್ರೆ ಹೆಜ್ಜೆಹೆಜ್ಜೆಗೂ ಚುಚ್ಚುತ್ತೆ. ಮನಸ್ಸಾಕ್ಷಿಯೂ ಹಾಗೇ ತಾನೆ? ಔಷಧಿ ತೂಗೋ ಹಳೇ ಅಳತೆಯಲ್ಲೂ ಒಂದು 'ಸ್ಕ್ರೂಪಲ್' ಇತ್ತು. 20 ಗ್ರೇನ್, ಅಂದ್ರೆ ಸುಮಾರು 1.3 ಗ್ರಾಂ. ಅಷ್ಟು ಪುಟ್ಟದು.

'ಸೈಕೋಫ್ಯಾಂಟ್' ಅಂದ್ರೆ ಹೊಗಳುಭಟ್ಟ. ನಮ್ಮ ಕ್ಯಾಂಪಸ್ ಕನ್ನಡದಲ್ಲಿ ಹೇಳೋದಾದ್ರೆ ಬಕೆಟ್ ಹಿಡಿಯೋನು. ಗ್ರೀಕ್‌ನಲ್ಲಿ ಈ ಪದವನ್ನು ಬಿಡಿಸಿದರೆ ಸಿಗೋದು 'ಅಂಜೂರ ತೋರಿಸುವವನು'! ಹಳೇ ಅಥೆನ್ಸ್‌ನಲ್ಲಿ ಸರ್ಕಾರಿ ವಕೀಲರು ಇರಲಿಲ್ಲ, ಯಾವ ನಾಗರಿಕ ಬೇಕಾದರೂ ಇನ್ನೊಬ್ಬನ ಮೇಲೆ ಕೇಸು ಹಾಕಬಹುದಿತ್ತು. ಇದನ್ನೇ ಕಸುಬು ಮಾಡಿಕೊಂಡು ಚಾಡಿ ಹೇಳಿ, ಸುಳ್ಳು ಕೇಸು ಹಾಕಿ ದುಡ್ಡು ಕೀಳುತ್ತಿದ್ದವರನ್ನು ಈ ಹೆಸರಿಂದ ಕರೆಯುತ್ತಿದ್ದರು. ಅಂಜೂರವನ್ನು ಕದ್ದು ಹೊರದೇಶಕ್ಕೆ ಸಾಗಿಸೋರನ್ನು ಹಿಡಿದುಕೊಡುತ್ತಿದ್ದರಿಂದ ಈ ಹೆಸರು ಬಂತು ಅನ್ನೋದು ಹಳೇ ವಿವರಣೆ. ವಿದ್ವಾಂಸರು ಇದನ್ನು ಪೂರ್ತಿ ಒಪ್ಪಿಲ್ಲ. ಏನೇ ಇರಲಿ, ಚಾಡಿ ಹೇಳುವವನು ಹೋಗ್ತಾ ಹೋಗ್ತಾ ಹೊಗಳುವವನಾದ. ಎರಡು ಕೆಲಸವನ್ನೂ ಒಬ್ಬನೇ ಮಾಡೋದನ್ನು ನಾವೂ ನೋಡಿದ್ದೀವಿ, ಬಿಡಿ.

'ಸಿಲ್ಹೌಟ್' ಅಂದ್ರೆ ಒಳಗೆಲ್ಲಾ ಕಪ್ಪು, ಅಂಚು ಮಾತ್ರ ಕಾಣೋ ನೆರಳು ಚಿತ್ರ. ಇದು ಒಬ್ಬ ಮಂತ್ರಿಯ ಹೆಸರು. 1759ರಲ್ಲಿ ಎತಿಯೆನ್ ದ ಸಿಲ್ಹೌಟ್ ಅನ್ನುವವರು ಫ್ರಾನ್ಸ್‌ನ ಹಣಕಾಸಿನ ಹೊಣೆ ಹೊತ್ತರು. ಯುದ್ಧದಿಂದ ಖಜಾನೆ ಖಾಲಿ. ಖರ್ಚು ಕಡಿಮೆ ಮಾಡಿ, ಶ್ರೀಮಂತರ ಮೇಲೆ ತೆರಿಗೆ ಹಾಕೋಕೆ ಹೊರಟರು, ಎಂಟೇ ತಿಂಗಳಿಗೆ ಕುರ್ಚಿ ಬಿಟ್ಟು ಹೋದರು. ಆಮೇಲೆ ಅಗ್ಗದ, ಅರೆಬರೆ ವಸ್ತುಗಳಿಗೆಲ್ಲಾ ಜನ ಅವರ ಹೆಸರಿಟ್ಟು ಗೇಲಿ ಮಾಡಿದರು. ಬಣ್ಣದ ಚಿತ್ರ ಬರೆಸೋಕೆ ದುಡ್ಡಿಲ್ಲದವರು ಮಾಡಿಸಿಕೊಳ್ಳುತ್ತಿದ್ದ ನೆರಳು ಚಿತ್ರಕ್ಕೂ ಆ ಹೆಸರೇ ಅಂಟಿಕೊಂಡಿತು.

'ಸಿಝಿಜಿ'. ಇದರ ಸ್ಪೆಲಿಂಗ್‌ನಲ್ಲಿ ಆರು ಅಕ್ಷರ, ಅದರಲ್ಲಿ ಮೂರು ವೈ! ನೋಡಿದರೆ ಟೈಪ್ ಮಾಡುವಾಗ ಕೈ ತಪ್ಪಿದೆ ಅನ್ನಿಸುತ್ತೆ. ಸೂರ್ಯ, ಭೂಮಿ, ಚಂದ್ರ ಒಂದೇ ಗೆರೆಯಲ್ಲಿ ಬರೋದಕ್ಕೆ ಖಗೋಳಶಾಸ್ತ್ರದಲ್ಲಿ ಈ ಹೆಸರು. ಅಂದ್ರೆ ನಮ್ಮ ಅಮಾವಾಸ್ಯೆ ಮತ್ತು ಹುಣ್ಣಿಮೆ. ಆ ದಿನಗಳ ಆಸುಪಾಸಿನಲ್ಲಿ ಸಮುದ್ರದ ಉಬ್ಬರ ಜಾಸ್ತಿ ಅನ್ನೋದು ಕರಾವಳಿಯ ಗೆಳೆಯರಿಗೆ ಗೊತ್ತೇ ಇದೆ. ಗ್ರೀಕ್‌ನಲ್ಲಿ ಇದರ ಅರ್ಥ 'ಒಂದೇ ನೊಗಕ್ಕೆ ಕಟ್ಟುವುದು'. ಆ ಗ್ರೀಕ್ ನೊಗ, ಇಂಗ್ಲಿಷ್‌ನ 'ಯೋಕ್', ಸಂಸ್ಕೃತದ 'ಯುಗ' ಮೂರೂ ಒಂದೇ ಬೇರಿನವು. ಸಂಸ್ಕೃತದಲ್ಲಿ ಯುಗ ಅಂದ್ರೆ ನೊಗವೂ ಹೌದು. ಇಷ್ಟು ಗೊತ್ತಾದ ಮೇಲೆ ಈ ಪದ ಮರೆಯೋಕೆ ಸಾಧ್ಯವೇ ಇಲ್ಲ. ಒಂದು ನೊಗ, ಎರಡು ಎತ್ತು, ಅಷ್ಟೇ.

'ಸೆರೆಂಡಿಪಿಟಿ' ಅಂದ್ರೆ ಹುಡುಕದೇ ಇದ್ದದ್ದು ಅದೃಷ್ಟವಶಾತ್ ಸಿಗೋದು. 1754ರ ಜನವರಿಯಲ್ಲಿ ಹೊರೇಸ್ ವಾಲ್‌ಪೋಲ್ ಅನ್ನೋ ಇಂಗ್ಲಿಷ್ ಲೇಖಕ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಈ ಪದ ಹುಟ್ಟಿಸಿದ. ಸೆರೆಂಡಿಪ್ ದೇಶದ ಮೂವರು ರಾಜಕುಮಾರರ ಪರ್ಷಿಯನ್ ಕಥೆ ಅವನ ತಲೆಯಲ್ಲಿತ್ತು. ಸೆರೆಂಡಿಪ್ ಅಂದ್ರೆ ಶ್ರೀಲಂಕಾ. ಸಿಂಹಳದ್ವೀಪ ಅನ್ನೋದೇ ಅರಬ್ಬರ ಬಾಯಲ್ಲಿ ಸರಂದೀಬ್ ಆಗಿ ಇಂಗ್ಲೆಂಡ್ ತಲುಪಿತು ಅನ್ನುತ್ತಾರೆ. ವಾಲ್‌ಪೋಲ್ ಬರೀ ಅದೃಷ್ಟ ಅನ್ನಲಿಲ್ಲ, ಜಾಣ್ಮೆಯೂ ಇರಬೇಕು ಅಂದ. ಲ್ಯಾಬ್‌ನಲ್ಲಿ ರೀಡಿಂಗ್ ತಪ್ಪು ಬಂದಾಗ ಅಳಿಸಿ ಪಕ್ಕದವನ ರೀಡಿಂಗ್ ಬರೆದುಕೊಳ್ಳೋ ನಮಗೆ ಸೆರೆಂಡಿಪಿಟಿ ಸಿಗೋದು ಕಷ್ಟ!

ಇನ್ನು 'ಸೆಸ್ಕ್ವಿಪಿಡೇಲಿಯನ್'. ಅರ್ಥ, ಬಹಳ ಉದ್ದದ ಪದ, ಅಥವಾ ಅಂಥ ಪದಗಳನ್ನು ಬಳಸೋ ಚಟ. ಬಿಡಿಸಿದರೆ 'ಒಂದೂವರೆ ಅಡಿಯದು'. ನಮ್ಮ ಕನ್ನಡದಲ್ಲೂ ಅಡಿ ಅಂದ್ರೆ ಪಾದವೂ ಹೌದು, ಅಳತೆಯೂ ಹೌದು. ರೋಮ್‌ನ ಕವಿ ಹೊರೇಸ್ ಎರಡು ಸಾವಿರ ವರ್ಷದ ಹಿಂದೆಯೇ ಕಾವ್ಯದ ಬಗ್ಗೆ ಬರೆಯುತ್ತಾ ಒಂದೂವರೆ ಅಡಿ ಉದ್ದದ ಪದಗಳನ್ನು ಕೆಣಕಿದ್ದ. ದೊಡ್ಡ ಪದಗಳನ್ನು ಗೇಲಿ ಮಾಡೋಕೆ ಬಳಸಿದ ಮಾತನ್ನೇ ನಾವು ದೊಡ್ಡ ಪದ ಅಂತ ಉರು ಹೊಡೀತಾ ಇದ್ದೀವಿ.

ಒಂದು ಎಚ್ಚರಿಕೆ. ಪದದ ಹಿಂದಿನ ಕಥೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಅದು ನಿಜ ಆಗಬೇಕಿಲ್ಲ. 'ಸ್ಯಾಬೊಟಾಜ್' ಪದ ನೋಡಿ. ಫ್ರೆಂಚ್ ಕಾರ್ಮಿಕರು ತಮ್ಮ ಮರದ ಪಾದರಕ್ಷೆಗಳನ್ನು ಮಷೀನಿನೊಳಗೆ ಎಸೆದು ಕೆಡಿಸುತ್ತಿದ್ದರು, ಅದಕ್ಕೇ ಆ ಹೆಸರು ಅಂತ ಎಲ್ಲಾ ಕಡೆ ಹೇಳುತ್ತಾರೆ. ಪಾದರಕ್ಷೆಯ ಹೆಸರು 'ಸ್ಯಾಬೊ' ಅನ್ನೋದು ನಿಜ. ಆದರೆ ಎಸೆದ ಕಥೆಗೆ ಆಧಾರ ಇಲ್ಲ. ಆ ಪಾದರಕ್ಷೆ ಹಾಕಿಕೊಂಡು ಟಕಟಕ ಸದ್ದು ಮಾಡುತ್ತಾ ನಡೆಯೋದು, ಅದರಿಂದ ಕೆಲಸವನ್ನು ಅಡ್ಡಾದಿಡ್ಡಿ ಮಾಡೋದು, ಅದರಿಂದ ಬೇಕಂತಲೇ ಕೆಡಿಸೋದು, ಹೀಗೆ ಅರ್ಥ ಬೆಳೆದಿದೆ. ವಾಟ್ಸಾಪ್‌ನಲ್ಲಿ ಬರೋ ಪದದ ಕಥೆಗಳನ್ನೂ ಇದೇ ಅನುಮಾನದಿಂದ ನೋಡಬೇಕು.

ಈಗ ನನ್ನನ್ನು ನಿಲ್ಲಿಸಿದ ಎರಡು ಪದಗಳಿಗೆ ಬರುತ್ತೇನೆ.

'ಸಾಲಸಿಸಮ್' ಅಂದ್ರೆ ವ್ಯಾಕರಣದ ತಪ್ಪು. ಇದು ಒಂದು ಊರಿನ ಹೆಸರಿಂದ ಬಂದದ್ದು ಅಂತ ಪ್ರಾಚೀನ ಲೇಖಕರೇ ಹೇಳಿದ್ದಾರೆ. ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ ಸೊಲೊಯ್ ಅನ್ನೋ ಊರಿತ್ತು. ಅಲ್ಲಿನವರ ಗ್ರೀಕ್ ಕೆಟ್ಟುಹೋಗಿದೆ ಅಂತ ಅಥೆನ್ಸ್‌ನವರ ಲೆಕ್ಕ. ಸೊಲೊಯ್‌ನವರ ಹಾಗೆ ಮಾತಾಡೋದು ಅನ್ನೋದೇ ತಪ್ಪು ಮಾತಿಗೆ ಹೆಸರಾಯಿತು. ಒಂದು ಊರಿನ ನಾಲಿಗೆಯನ್ನೇ ಬೈಗುಳ ಮಾಡಿಬಿಟ್ಟರು!

ಆದರೆ ಅದೇ ಸೊಲೊಯ್‌ನಿಂದ ಬಂದವನು ಕ್ರಿಸಿಪ್ಪಸ್. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಥೆನ್ಸ್‌ಗೇ ಬಂದು ಸ್ಟೋಯಿಕ್ ಪಂಥದ ಮುಖ್ಯಸ್ಥನಾದ. 'ಇದು ಇದ್ದರೆ ಅದು ಇರುತ್ತದೆ, ಇದು ಇದೆ, ಆದ್ದರಿಂದ ಅದೂ ಇದೆ' ಅನ್ನೋ ಥರದ ತರ್ಕವನ್ನು ನಿಯಮಗಳಾಗಿ ಕಟ್ಟಿದವರಲ್ಲಿ ಅವನೇ ದೊಡ್ಡವನು. ನಾವು ಪ್ರೋಗ್ರಾಮಿಂಗ್‌ನಲ್ಲಿ ಇಫ್, ಆಂಡ್, ಆರ್ ಬರೆಯುವಾಗ ಆ ತರ್ಕದ ದಾರಿಯಲ್ಲೇ ಇರುತ್ತೇವೆ. ನಕ್ಷತ್ರಗಳ ಮೇಲೆ ಕಾವ್ಯ ಬರೆದು ಹೆಸರಾದ ಅರಾಟಸ್ ಕೂಡ ಅದೇ ಊರಿನವನು. ಮಾತು ಸರಿಯಿಲ್ಲ ಅಂತ ನಗೆಪಾಟಲಾದ ಊರು ಇಂಥವರನ್ನು ಕೊಟ್ಟಿತು.

ಎರಡನೆಯದು 'ಶಿಬೊಲೆತ್'. ಇವತ್ತಿನ ಅರ್ಥ, ನೀನು ನಮ್ಮವನೋ ಹೊರಗಿನವನೋ ಅಂತ ಪತ್ತೆ ಹಚ್ಚೋ ಗುರುತಿನ ಮಾತು. ವಿಶ್ವವಿದ್ಯಾಲಯಗಳು ಬಳಸೋ ಒಂದು ಲಾಗಿನ್ ಸಾಫ್ಟ್‌ವೇರ್‌ಗೂ ಇದೇ ಹೆಸರಿದೆ. ಹೀಬ್ರೂ ಭಾಷೆಯಲ್ಲಿ ಇದು ತುಂಬಾ ಸಾದಾ ಪದ: ಧಾನ್ಯದ ತೆನೆ. ಬೈಬಲ್‌ನ ನ್ಯಾಯಸ್ಥಾಪಕರು ಪುಸ್ತಕದ 12ನೇ ಅಧ್ಯಾಯದಲ್ಲಿ ಇದರ ಕಥೆ ಇದೆ. ಯುದ್ಧದಲ್ಲಿ ಗೆದ್ದ ಗಿಲ್ಯಾದಿನವರು ಜೋರ್ಡನ್ ನದಿ ದಾಟೋ ಜಾಗಗಳಲ್ಲಿ ಕಾವಲು ನಿಂತರು. ಸೋತು ಓಡಿಬರುತ್ತಿದ್ದ ಎಫ್ರಾಯೀಮಿನವರು ನದಿ ದಾಟಬೇಕು. ನೋಡೋಕೆ ಎಲ್ಲರೂ ಒಂದೇ ಥರ. ಅದಕ್ಕೇ 'ಶಿಬೊಲೆತ್ ಅನ್ನು' ಅಂತ ಹೇಳಿಸಿದರು. ಎಫ್ರಾಯೀಮಿನವರ ನಾಲಿಗೆಗೆ ಶ ಬರುತ್ತಿರಲಿಲ್ಲ, 'ಸಿಬೊಲೆತ್' ಅನ್ನುತ್ತಿದ್ದರು. ಅಂದವರನ್ನು ಅಲ್ಲೇ ಕೊಂದರು. ಸತ್ತವರು 42,000 ಅಂತ ಆ ಪುಸ್ತಕ ಲೆಕ್ಕ ಕೊಡುತ್ತದೆ.

ಶ ಮತ್ತು ಸ. ಇಷ್ಟೇ ವ್ಯತ್ಯಾಸ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮದೇ ಸಂಘದ ಒಂದು ಸಂಜೆ. ಆಶುಭಾಷಣ ಸ್ಪರ್ಧೆ. ಕಲಬುರಗಿ ಕಡೆಯ ಒಬ್ಬ ಜೂನಿಯರ್ ಮೈಕ್ ಹಿಡಿದು "ನಮ್ಮೂರ ಸಾಲ್ಯಾಗ ಒಬ್ರ ಮಾಸ್ತರ್ ಇದ್ರು" ಅಂತ ಶುರು ಮಾಡಿದ. 'ಸಾಲ್ಯಾಗ' ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ನಗು. ನಾನೂ ನಕ್ಕೆ, ಸುಳ್ಳು ಹೇಳಲ್ಲ. ಅವನು ಎರಡೇ ನಿಮಿಷಕ್ಕೆ ಮುಗಿಸಿ ಇಳಿದ. ಮತ್ತೆ ನಮ್ಮ ಕಾರ್ಯಕ್ರಮಕ್ಕೆ ಬರಲಿಲ್ಲ. ತಮಾಷೆ ಅಂದ್ರೆ, ಅದಕ್ಕೆ ಒಂದು ವಾರ ಮುಂಚೆ ಮಾಕ್ ಗ್ರೂಪ್ ಡಿಸ್ಕಷನ್‌ನಲ್ಲಿ ನಾನು ಒಂದು ಇಂಗ್ಲಿಷ್ ಪದ ತಪ್ಪಾಗಿ ಉಚ್ಚರಿಸಿದಾಗ ಹೀಗೇ ನಕ್ಕಿದ್ದರು. ಆ ರಾತ್ರಿ ನಾನು ಮೆಸ್‌ಗೂ ಹೋಗಿರಲಿಲ್ಲ. ಇಂಗ್ಲಿಷ್‌ನ ಕಾವಲಿನಲ್ಲಿ ಸಿಕ್ಕಿಬಿದ್ದವನು, ಕನ್ನಡದ ಕಾವಲಿನಲ್ಲಿ ನಾನೇ ನಿಂತಿದ್ದೆ.

ಇನ್ನೊಂದು ವಿಷಯ. 'ಸಾಲೆ' ತಪ್ಪಾ? 13ನೇ ಶತಮಾನದಲ್ಲಿ ಕೇಶಿರಾಜ ಬರೆದ 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತದ ಪದಗಳು ಕನ್ನಡದ ತದ್ಭವಗಳಾಗೋದು ಹೇಗೆ ಅನ್ನೋದಕ್ಕೇ ಒಂದು ಪ್ರಕರಣ ಇದೆ. ಅಲ್ಲಿ ಶಕಾರ ಸಕಾರವಾಗೋದು ದೊಡ್ಡ ನಿಯಮ. ಆಕಾಶ ಆಗಸವಾಯಿತು, ದಿಶಾ ದೆಸೆಯಾಯಿತು. 'ಆಗಸ' ಅಂತ ಕವನ ಬರೆದರೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಅದೇ ದಾರಿಯಲ್ಲಿ ಶಾಲೆಯನ್ನು ಸಾಲಿ ಮಾಡಿಕೊಂಡವನನ್ನು ನೋಡಿ ನಗುತ್ತೇವೆ. ಮಂಡ್ಯ ಕಡೆಯವರು 'ಆಲು' ಅಂದರೂ ನಗುತ್ತೇವೆ. ಹಳಗನ್ನಡದಲ್ಲಿ ಅದು 'ಪಾಲ್' ಆಗಿತ್ತು. ಪ ಹೋಗಿ ಹ ಬಂತು, ಕೆಲವು ಕಡೆ ಹ ಕೂಡ ಹೋಯಿತು. ಮೊದಲನೇ ಬದಲಾವಣೆಗೆ ಶುದ್ಧ ಕನ್ನಡ ಅಂತ ಹೆಸರು, ಎರಡನೆಯದಕ್ಕೆ ಹಳ್ಳಿ ಭಾಷೆ ಅಂತ ಹೆಸರು. ಇದ್ಯಾವ ನ್ಯಾಯ?

"ಹಾಗಾದ್ರೆ ಸರಿ-ತಪ್ಪು ಅನ್ನೋದೇ ಇಲ್ವಾ? ಇಂಟರ್‌ವ್ಯೂನಲ್ಲಿ ಹೇಗೆ ಬೇಕಾದರೂ ಮಾತಾಡಬಹುದಾ?" ಅಂತ ಕೇಳಬಹುದು. ನಾನು ಹಾಗೆ ಹೇಳ್ತಿಲ್ಲ. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಕಲಿಯಲೇಬೇಕು, ಬರವಣಿಗೆಯ ಕನ್ನಡದಲ್ಲಿ ಶ, ಸ ಸರಿಯಾಗಿ ಬರೆಯಲೇಬೇಕು. ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿಕೊಡೋಣ. ಹೇಳಿಕೊಟ್ಟರೆ ಅವನು ಮುಂದಿನ ವಾರ ಮತ್ತೆ ಮೈಕ್ ಹಿಡೀತಾನೆ. ನಕ್ಕರೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಕಲಿಯೋದು ಬಾಯಿ ತೆರೆದಾಗ ಮಾತ್ರ.

ಕಷ್ಟದ ಪದಗಳ ವಿಷಯದಲ್ಲೂ ನನ್ನ ಮಾತು ಇಷ್ಟೇ. ಅವು ಜಾಣತನದ ಸರ್ಟಿಫಿಕೇಟ್ ಅಲ್ಲ. ಬಿಡಿಸಿ ನೋಡಿದರೆ ಒಂದರಲ್ಲಿ ಕಲ್ಲು, ಒಂದರಲ್ಲಿ ಅಂಜೂರ, ಒಂದರಲ್ಲಿ ನೊಗ, ಒಂದರಲ್ಲಿ ತೆನೆ. ಇವನ್ನೆಲ್ಲಾ ನಮಗಿಂತ ಚೆನ್ನಾಗಿ ಬಲ್ಲವರು ನಮ್ಮ ಅಪ್ಪ-ಅಮ್ಮ, ಅಜ್ಜ-ಅಜ್ಜಿ. ಕನ್ನಡ ಮೀಡಿಯಮ್‌ನಿಂದ ಬಂದವರು ಈ ಪಟ್ಟಿ ನೋಡಿ ಹೆದರಬೇಕಾದ್ದು ಏನೂ ಇಲ್ಲ. ಬರೀ ವಿರುದ್ಧಪದ ಕೇಳೋ ಪ್ರಶ್ನೆಗಳನ್ನು ಜಿ.ಆರ್.ಇ. ಪರೀಕ್ಷೆಯೇ 2011ರಲ್ಲಿ ಕೈಬಿಟ್ಟಿದೆ. ಈಗ ವಾಕ್ಯದೊಳಗೆ ಪದ ಹೇಗೆ ಕೂರುತ್ತೆ ಅಂತ ನೋಡುತ್ತಾರೆ. ಅದಕ್ಕೆ ಉರು ಹೊಡೆದ ಒಂದು ಸಾಲಿನ ಅರ್ಥ ಸಾಲದು, ಪದದ ಹಿನ್ನೆಲೆ ಗೊತ್ತಿರಬೇಕು.

ಅದಕ್ಕೇ ಸಂಘದ ಮುಂದೆ ಎರಡು ಸಲಹೆ ಇಡುತ್ತಿದ್ದೇನೆ. ಒಂದು, ನಮ್ಮ ನೋಟಿಸ್ ಬೋರ್ಡ್‌ನಲ್ಲಿ ವಾರಕ್ಕೊಂದು ಇಂಗ್ಲಿಷ್ ಪದ, ವಾರಕ್ಕೊಂದು ಕನ್ನಡ ಪದ ಬರೆಯೋಣ, ಎಲ್ಲಿಂದ ಬಂತು ಅನ್ನೋದರ ಜೊತೆಗೆ, ಕನ್ನಡದಲ್ಲೇ. ಕನ್ನಡ ಪದವನ್ನು ಸರದಿ ಪ್ರಕಾರ ಬೀದರ್, ಕಾರವಾರ, ಮಂಡ್ಯ, ಕೋಲಾರ ಕಡೆಯವರು ತಮ್ಮ ಊರಿನ ಮಾತಿನಿಂದ ತರಲಿ. ಎರಡು, ನಮ್ಮ ವೇದಿಕೆ ಮೇಲೆ ಯಾರು ಯಾವ ಊರಿನ ಕನ್ನಡದಲ್ಲಿ ಮಾತಾಡಿದರೂ ಹಿಂದಿನ ಸಾಲು ನಗಬಾರದು. ಇದನ್ನು ನಿಯಮ ಅಂತಲೇ ಬರೆದು ಹಾಕೋಣ.

ಆ ಜೂನಿಯರ್ ಈಗ ಮೂರನೇ ಸೆಮಿಸ್ಟರ್‌ನಲ್ಲಿದ್ದಾನೆ. ಕಳೆದ ವಾರ ಅವನ ರೂಮಿಗೆ ಹೋಗಿ ಕ್ಷಮೆ ಕೇಳಿದೆ. ಆ ಮಾಸ್ತರ್ ಕಥೆ ಪೂರ್ತಿ ಹೇಳಪ್ಪಾ ಅಂದೆ. "ಈಗ್ಯಾಕ ಬಿಡ್ರೀ ಅಣ್ಣಾ" ಅಂದ. ಚಪ್ಪಲಿಯೊಳಗಿನ ಕಲ್ಲು ಇನ್ನೂ ಹಾಗೇ ಇದೆ.