ಖಾತರಿಯಿಲ್ಲದ ಧ್ವನಿಪೆಟ್ಟಿಗೆ

ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಯನ್ನು ತುಮಕೂರು ಸೀಮೆಯ ನಮ್ಮ ವಾಚಕರಲ್ಲಿ ನೋಡದವರು ಕಡಮೆ. ಅಲ್ಲಿ ಎತ್ತು ಕೊಳ್ಳಲು ಬಂದ ರೈತನು ಮಾರುವವನ ಮಾತಿಗೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಇಷ್ಟು ಎಚ್ಚರವುಳ್ಳ ಜನವೇ ಬಳಸಿದ ಆಂಪ್ಲಿಫೈಯರನ್ನೋ ಸ್ಪೀಕರನ್ನೋ ಕೊಳ್ಳುವಾಗ, ದೀಪ ಹತ್ತಿತು, ಹಾಡು ಬಂತು ಎಂಬಷ್ಟಕ್ಕೇ ತೃಪ್ತರಾಗಿ ಹಣವೆಣಿಸಿ ಕೊಡುವುದುಂಟು. ಆದುದರಿಂದ ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಧ್ವನಿಯ ಮೋಹ ಈ ಸೀಮೆಗೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪೆನಿಯು ನಾಡಿನುದ್ದಗಲಕ್ಕೂ ರಂಗಗೀತೆಗಳ ರುಚಿಯನ್ನು ಹರಡಿತು. ಮೈಕಿಲ್ಲದ ಆ ದಿನಗಳಲ್ಲಿ ನಟನ ಕಂಠವೇ ಕೊನೆಯ ಸಾಲಿನವರೆಗೂ ಮುಟ್ಟಬೇಕಾಗಿತ್ತು. ಈಗಲಾದರೋ ಮದುವೆ, ಜಾತ್ರೆ, ಗಣೇಶೋತ್ಸವ, ಹರಿಕಥೆ ಯಾವುದೂ ಮೈಕಿಲ್ಲದೆ ನಡೆಯುವಂತಿಲ್ಲ. ಮೈಕ್‌ಸೆಟ್ಟನ್ನು ಬಾಡಿಗೆಗೆ ಕೊಟ್ಟು ಜೀವನ ಸಾಗಿಸುವ ತರುಣರು ಗುಬ್ಬಿ ಕುಣಿಗಲುಗಳ ಕಡೆಯಲ್ಲಿಯೂ ಇದ್ದಾರೆ. ತಂದೆಯ ಕಾಲದ ಕ್ಯಾಸೆಟ್ಟುಗಳನ್ನೂ ತಾತನ ಕಾಲದ ಗ್ರಾಮಫೋನ್ ತಟ್ಟೆಗಳನ್ನೂ ಮತ್ತೊಮ್ಮೆ ಕೇಳಬೇಕೆಂಬ ಆಸೆಯಿಂದ ಹಳೆಯ ಯಂತ್ರವನ್ನು ಅರಸುವ ಗೃಹಸ್ಥರೂ ಇದ್ದಾರೆ. ಇಬ್ಬರಿಗೂ ಹೊಸದರ ಬೆಲೆ ಭಾರ. ಬೆಂಗಳೂರಿನ ಎಸ್.ಪಿ. ರಸ್ತೆಯೋ, ಮೊಬೈಲಿನಲ್ಲಿ ಕಂಡ ಜಾಹೀರಾತೋ ಅವರನ್ನು ಕರೆಯುತ್ತದೆ.

ಇಲ್ಲಿ ಮೊದಲು ತಿಳಿಯಬೇಕಾದ ಲೆಕ್ಕವೊಂದುಂಟು. ಹೊಸ ಯಂತ್ರಕ್ಕೆ 20,000 ರೂಪಾಯಿ, ಬಳಸಿದ್ದಕ್ಕೆ 11,000 ಎಂದಿಟ್ಟುಕೊಳ್ಳೋಣ. ಉಳಿದ 9,000 ರೂಪಾಯಿ ಲಾಭವೆಂದು ಹೆಚ್ಚಿನವರು ಎಣಿಸುತ್ತಾರೆ. ಅದು ಲಾಭವಲ್ಲ. ಕೆಟ್ಟರೆ ನಾನು ಸರಿಪಡಿಸಿಕೊಡುವೆನೆಂದು ತಯಾರಕನು ಕೊಡುತ್ತಿದ್ದ ವಾಗ್ದಾನವನ್ನು ನಾವು ಬಿಟ್ಟುಕೊಟ್ಟುದಕ್ಕೆ ಸಿಕ್ಕ ಬೆಲೆ. ಇನ್ನು ಮೇಲೆ ಆ ವಾಗ್ದಾನದ ಹೊಣೆಯನ್ನು ನಮ್ಮ ಜೇಬೇ ಹೊರಬೇಕು. ಬೆಂಗಳೂರಿನಿಂದ ತಂದ ಭಾರವಾದ ಪೆಟ್ಟಿಗೆಯನ್ನು ಸುಮಾರು 70 ಕಿಲೋಮೀಟರು ದೂರದ ತುಮಕೂರಿನಿಂದಲೋ ಕುಣಿಗಲಿನಿಂದಲೋ ಮತ್ತೆ ಹೊತ್ತೊಯ್ಯುವ ಖರ್ಚೂ ಆ ಲೆಕ್ಕಕ್ಕೇ ಸೇರುತ್ತದೆ.

ಧ್ವನಿಯಂತ್ರದ ದೋಷಗಳು ಹೆಚ್ಚಾಗಿ ಒಳಗೆ ಅಡಗಿರತಕ್ಕವು. ಸ್ಪೀಕರಿನ ಕಾಗದದ ಸುತ್ತ ಇರುವ ಫೋಮಿನ ಅಂಚು ಉಪಯೋಗಿಸದಿದ್ದರೂ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಆಂಪ್ಲಿಫೈಯರಿನ ಕೆಪಾಸಿಟರುಗಳು ಒಣಗಿದಾಗ, ಧ್ವನಿಯನ್ನು ಪೂರ್ತಿ ತಗ್ಗಿಸಿದರೂ ಗುಂಯ್‌ಗುಡುವ ಸದ್ದು ನಿಲ್ಲುವುದಿಲ್ಲ. ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಸಡಿಲವಾಗುತ್ತದೆ, ಇಲ್ಲವೆ ಕರಗಿ ಅಂಟಾಗುತ್ತದೆ. ಪರದೇಶದಿಂದ ಬಂದ ಯಂತ್ರಗಳಲ್ಲಿ ಇನ್ನೊಂದು ತೊಡಕು. 110 ಇಲ್ಲವೆ 120 ವೋಲ್ಟಿನದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗಬಹುದು. ಟ್ರಾನ್ಸ್‌ಫಾರ್ಮರ್ ಇಟ್ಟರೂ ವೋಲ್ಟು ಇಳಿಯುವುದೇ ಹೊರತು 50 ಹರ್ಟ್ಸ್ ವಿದ್ಯುತ್ತು 60 ಆಗುವುದಿಲ್ಲ. ಅಮೆರಿಕೆಯ ಕೆಲವು ಹಳೆಯ ರೆಕಾರ್ಡ್ ಪ್ಲೇಯರುಗಳು ಆ 60 ಹರ್ಟ್ಸಿನ ಲೆಕ್ಕದಲ್ಲಿಯೇ ತಿರುಗತಕ್ಕವು. ಇಲ್ಲಿ ಅವುಗಳ ವೇಗ ಆರರಲ್ಲಿ ಒಂದು ಪಾಲು ಕುಗ್ಗಿ, ಗಾಯಕಿಯ ಕಂಠ ಗಂಡುಕಂಠವಾಗಿಬಿಡುತ್ತದೆ. ಹಿತ್ತಾಳೆಯ ಕಹಳೆಯುಳ್ಳ ಗ್ರಾಮಫೋನುಗಳಲ್ಲಂತೂ, ಇತ್ತೀಚೆಗೆ ಬಿಡಿಭಾಗಗಳನ್ನು ಜೋಡಿಸಿ ಹಳೆಯದೆಂದು ಮಾರುವವುಗಳು ಬಹಳ.

ಎಲ್ಲಕ್ಕಿಂತ ಘೋರವಾದುದು ವಿದ್ಯುದಾಘಾತ. ಮೂರು ಕಡ್ಡಿಯ ಪ್ಲಗ್ಗನ್ನು ಕಿತ್ತು ಎರಡು ಕಡ್ಡಿಯದನ್ನು ಹಾಕಿದ್ದರೆ, ಇಲ್ಲವೆ ಅರ್ತ್ ತಂತಿಯನ್ನು ಕತ್ತರಿಸಿದ್ದರೆ, ಒಳಗಿನ ಸೋರಿಕೆ ಯಂತ್ರದ ಕಬ್ಬಿಣದ ಮೈಗೂ, ಅಲ್ಲಿಂದ ಹಾಡುವವರ ಕೈಯಲ್ಲಿರುವ ಮೈಕಿಗೂ ಬರಬಹುದು. ಇಂತಹುದನ್ನು ಎಷ್ಟು ಅಗ್ಗವಾಗಿ ಕೊಟ್ಟರೂ, ಬಲ್ಲವರಿಂದ ಸರಿಪಡಿಸದೆ ಉಪಯೋಗಿಸಕೂಡದು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗನಿಗೊಂದು ದಾರಿಯಾಗಲೆಂದು ತಾಯಿಯು ಸ್ವಸಹಾಯ ಸಂಘದಲ್ಲಿ ಸಾಲವೆತ್ತಿ ಹಳೆಯ ಮೈಕ್‌ಸೆಟ್ಟು ಕೊಡಿಸಿದ್ದಾಳೆ. ಮೊದಲನೆಯ ಮದುವೆಯಲ್ಲಿಯೇ, ಮುಹೂರ್ತದ ವೇಳೆಗೆ, ಅದು ಸುಟ್ಟ ವಾಸನೆ ಬಿಟ್ಟು ಮೌನವಾಯಿತು. ಬಾಡಿಗೆ ಬರಲಿಲ್ಲ, ಊರಿನಲ್ಲಿ ಹುಡುಗನ ಮಾತಿಗಿದ್ದ ಬೆಲೆಯೂ ಹೋಯಿತು. ಸಂಘದ ಕಂತು ಮಾತ್ರ ತಪ್ಪದೆ ಬರುತ್ತದೆ. ಬಡವರ ಮನೆಯಲ್ಲಿ ಕೆಟ್ಟ ವ್ಯಾಪಾರವೆಂದರೆ ಹೀಗೆ ಹಣದೊಡನೆ ಹೆಸರನ್ನೂ ಕಳೆಯತಕ್ಕದ್ದು.

ಕಾನೂನಿನ ಆಸರೆ ಇಲ್ಲವೆಂದಲ್ಲ. 1930ರ ಸರಕು ಮಾರಾಟದ ಕಾಯಿದೆಯಂತೆ, ಅಂತಹ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ವಿವರಣೆಯನ್ನು ನಂಬಿ ಕೊಂಡ ವಸ್ತುವು ವ್ಯಾಪಾರಯೋಗ್ಯವಾಗಿರಬೇಕು. ಆದರೆ ಕೊಳ್ಳುವವನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಈ ರಕ್ಷಣೆಯಿಲ್ಲ. ಆದುದರಿಂದ ನೋಡಿದಂತೆ ಮಾಡುವುದಕ್ಕಿಂತ ನಿಜವಾಗಿ ನೋಡುವುದು ಮೇಲು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ರಸೀದಿಯಲ್ಲಿ ಅವಧಿ ನಮೂದಾಗಿಲ್ಲದಿದ್ದರೆ 30 ದಿನಗಳೊಳಗೆ ದೋಷವುಳ್ಳ ಸರಕನ್ನು ಹಿಂದೆಗೆದುಕೊಂಡು ಹಣ ಕೊಡಲೊಪ್ಪದಿರುವುದನ್ನು ಅನುಚಿತ ವ್ಯಾಪಾರವೆಂದು ಎಣಿಸುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡವನೂ ಗ್ರಾಹಕನೇ. ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗಾಗಿ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಮಾರಿದವನ ಅಂಗಡಿ ಬೆಂಗಳೂರಿನಲ್ಲಿದ್ದರೂ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. 1915 ಸಂಖ್ಯೆಗೆ ಕರೆ ಮಾಡಿದರೆ ಸಲಹೆಯೂ ದೊರೆಯುತ್ತದೆ. ಆದರೆ ಇವೆಲ್ಲವೂ ವ್ಯಾಪಾರಿಯನ್ನು ಕುರಿತ ಮಾತು. ತನ್ನ ಮನೆಯದೊಂದನ್ನು ಮಾರಿ ಹೋದ ಅಪರಿಚಿತನನ್ನು ಈ ಹಾದಿಯಲ್ಲಿ ಹಿಡಿಯುವುದು ಕಷ್ಟ. ರಸೀದಿಯಿಲ್ಲದಿದ್ದರಂತೂ ವ್ಯಾಪಾರಿಯ ಮೇಲೂ ಕೈ ನಿಲ್ಲುವುದಿಲ್ಲ.

ಕೊಳ್ಳಲೇಬೇಕೆನ್ನುವವರು ಇಷ್ಟನ್ನಾದರೂ ನಡೆಸಬೇಕು. ಯಂತ್ರವನ್ನು ಹಗಲಿನಲ್ಲಿ, ಬಲ್ಲವರೊಬ್ಬರ ಜೊತೆಯಲ್ಲಿ ನೋಡಬೇಕು. ಕೆಲವು ದೋಷಗಳು ಕಾದ ಮೇಲೆಯೇ ಹೊರಬೀಳುವುದರಿಂದ ಒಂದು ಗಂಟೆಯಾದರೂ ಓಡಿಸಬೇಕು. ಸ್ಪೀಕರಿನ ಕಾಗದವನ್ನು ಎರಡು ಬದಿಯಲ್ಲೂ ಬೆರಳಿಟ್ಟು ಮೆಲ್ಲನೆ ಒತ್ತಿದಾಗ ಉಜ್ಜುವ ಸದ್ದು ಕೇಳಿದರೆ ಬಿಡತಕ್ಕದ್ದು. ಮೊದಲ ಒಡೆಯನ ಬಿಲ್ಲನ್ನು ಕೇಳಿ ಯಂತ್ರದ ಕ್ರಮಸಂಖ್ಯೆಯೊಡನೆ ಹೋಲಿಸಬೇಕು. ಕದ್ದ ಮಾಲಾದರೆ ಹಣ ಕೊಟ್ಟ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ತಯಾರಕನ ಖಾತರಿ ಇನ್ನೂ ಉಳಿದಿದೆಯೆಂದರೆ, ಅದು ಎರಡನೆಯ ಒಡೆಯನಿಗೂ ಸಲ್ಲುವುದೇ ಎಂಬುದನ್ನು ಖಾತರಿ ಪತ್ರದಲ್ಲಿ ಓದಿ ನೋಡಬೇಕು. ಮಾರುವವನ ಹೆಸರು, ವಿಳಾಸ, ತಾರೀಖು, ಬೆಲೆ, ಎಷ್ಟು ದಿನಗಳೊಳಗೆ ಹಿಂದೆಗೆದುಕೊಳ್ಳುವನೆಂಬ ಮಾತು, ಇವಿಷ್ಟು ಕಾಗದದ ಮೇಲೆ ಬರದೆ ಹಣ ಕೊಡಬಾರದು. ಕೊಳ್ಳುವ ಬೆಲೆಯ ಕಾಲು ಭಾಗವನ್ನಾದರೂ ರಿಪೇರಿಗೆಂದು ಬೇರೆ ಎತ್ತಿಡಬೇಕು. ಎತ್ತಿಡಲು ಹಣವಿಲ್ಲವಾದರೆ, ಆ ಯಂತ್ರ ನಮ್ಮ ಶಕ್ತಿಗೆ ಮೀರಿದುದೆಂದೇ ತಿಳಿಯಬೇಕು.

ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವೂ ಇಲ್ಲ, ತಪ್ಪೂ ಇಲ್ಲ. ಹಣದ ಗಂಟು ಹೆಚ್ಚಾಗಿ ಗೃಹಿಣಿಯರ ಕೈಯಲ್ಲಿರುವುದರಿಂದ ನಮ್ಮ ಕೊನೆಯ ಮಾತು ಅವರಿಗೆ: ಮಗನಾಗಲಿ ಯಜಮಾನರಾಗಲಿ ಅಗ್ಗದ ಪೆಟ್ಟಿಗೆಯ ವರ್ಣನೆ ಮಾಡುತ್ತ ಬಂದಾಗ ಅವರ ಉತ್ಸಾಹವನ್ನು ಮುರಿಯಬೇಡಿ. ಕೆಟ್ಟರೆ ಯಾರು ಹೊಣೆ ಎಂಬ ಒಂದು ಪ್ರಶ್ನೆಯನ್ನು ಕೇಳಿ, ಅದಕ್ಕೆ ಬರೆವಣಿಗೆಯ ಉತ್ತರ ಬಂದ ಮೇಲೆ ಗಂಟು ಬಿಚ್ಚಿರಿ.